ಗಾಳಿ ಬರಬೇಕಾದ ದಾರಿ

ನನ್ನ ಹತ್ತಿರ 1972ರ ಶೆವರ್ಲೆ ಸಿ-10 ಇದೆ. ಇಲ್ಲಿ ಮಿಶಿಗನ್‌ನಲ್ಲಿ ಇಂಥ ಪಿಕಪ್‌ಗಳಿಗೆ ಟ್ರಕ್ ಅಂತಲೇ ಹೆಸರು. 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8 ಎಂಜಿನ್. ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಹಿಂದೆಯೇ ಇದೆ. ಆ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ನನಗಂತೂ ಅದು ಇವತ್ತಿಗೂ ಸರಿ ಕಾಣುವುದಿಲ್ಲ.

ಕಳೆದ ವರ್ಷದಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ತುಂಬಾ ಸತಾಯಿಸುತ್ತಿತ್ತು. ಅದರ ಮೇಲಿದ್ದದ್ದು ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಹಳೆಯದಾದಾಗ ಅದರ ತಳದ ಸಣ್ಣ ಪ್ಲಗ್‌ಗಳು ಜಿನುಗುತ್ತವೆ. ರಾತ್ರಿಯೆಲ್ಲ ಪೆಟ್ರೋಲ್ ತೊಟ್ಟಿಕ್ಕಿ ಕೆಳಗಿನ ಮ್ಯಾನಿಫೋಲ್ಡಿಗೆ, ಅಂದರೆ ಆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಎರಕಕ್ಕೆ ಇಳಿದು, ಬೆಳಿಗ್ಗೆ ಹೊತ್ತಿಗೆ ಕಾರ್ಬೊರೇಟರ್ ಖಾಲಿ. ಜೊತೆಗೆ ಗಾಳಿಯ ಬಾಗಿಲನ್ನು ತಿರುಗಿಸುವ ಥ್ರಾಟಲ್ ಶಾಫ್ಟ್ ಸವೆದು ಅದರ ಸುತ್ತ ಗಾಳಿ ಎಳೆಯುತ್ತಿತ್ತು. ಅಲ್ಲಿಗೆ ಕ್ಲೀನರ್ ಸ್ಪ್ರೇ ಹೊಡೆದರೆ ಸಾಕು, ಐಡಲ್, ಅಂದರೆ ಗಾಡಿ ನಿಂತಿದ್ದಾಗ ಎಂಜಿನ್ ಓಡುವ ವೇಗ, ಬದಲಾಗುತ್ತಿತ್ತು. ಮ್ಯಾನಿಫೋಲ್ಡಿನ ಮುಂದಿನ ಮೂಲೆಯಲ್ಲಿ ಕೂಲಂಟ್ ಕೂಡ ಒಸರುತ್ತಿತ್ತು. ಹೇಗೂ ಬಿಚ್ಚಬೇಕು, ಕಾರ್ಬೊರೇಟರ್, ಮ್ಯಾನಿಫೋಲ್ಡ್ ಎರಡನ್ನೂ ಒಟ್ಟಿಗೇ ಬದಲಾಯಿಸೋಣ ಅಂತ ತೀರ್ಮಾನಿಸಿದೆ.

ಯಾವ ಕಾರ್ಬೊರೇಟರ್ ಅನ್ನೋದೇ ದೊಡ್ಡ ಚರ್ಚೆ. ಕೇಳಿದವರೆಲ್ಲ 750 ಸಿಎಫ್‌ಎಂ ಹಾಕು ಅಂದರು. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಒಳಗೆ ಬಿಡುತ್ತದೆ ಅನ್ನೋ ಲೆಕ್ಕ. ಕಾಗದದ ಮೇಲೆ ಹಾಕಿ ನೋಡಿದೆ. 350 ಘನ ಇಂಚನ್ನು 5500 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಗುಣಿಸಿ 3456ರಿಂದ ಭಾಗಿಸಿದರೆ 557 ಬರುತ್ತದೆ. ಅದೂ ಸಿಲಿಂಡರ್ ಪ್ರತಿ ಸಲ ಪೂರ್ತಿ ತುಂಬಿದರೆ. ಇಂಥ ಎಂಜಿನ್ ಶೇಕಡ 85ರಷ್ಟು ತುಂಬಿದರೆ ಹೆಚ್ಚು, ಆಗ ಬೇಕಾಗುವುದು 473. ನಾನು ಮರ, ಮಣ್ಣು ಹೇರಿಕೊಂಡು ಓಡಾಡುವವನು. ಸೂಜಿ 3000 ದಾಟುವುದೇ ಅಪರೂಪ. ಕಾರ್ಬೊರೇಟರ್ ಬೇಕಿದ್ದಕ್ಕಿಂತ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ನಿಧಾನವಾಗಿ ಹೋಗುತ್ತದೆ, ಪೆಟ್ರೋಲ್ ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಗಾಡಿ ತಡವರಿಸುತ್ತದೆ. ಹಾಗಾಗಿ ಎಡೆಲ್‌ಬ್ರಾಕ್ ಕಂಪನಿಯ 600 ಸಿಎಫ್‌ಎಂ ಕಾರ್ಬೊರೇಟರ್, ಅದಕ್ಕೆ ಹೊಂದುವ ಅಲ್ಯುಮಿನಿಯಂ ಮ್ಯಾನಿಫೋಲ್ಡ್ ತರಿಸಿದೆ.

ಆಗ ಅಪ್ಪ ಶಿವಮೊಗ್ಗದಿಂದ ಬಂದಿದ್ದರು. ಎಷ್ಟೋ ವರ್ಷ ಮಹೀಂದ್ರದ ಪೆಟ್ರೋಲ್ ಜೀಪ್ ಇಟ್ಟುಕೊಂಡಿದ್ದವರು, ತಾವೇ ಬಿಚ್ಚಿ ಜೋಡಿಸುತ್ತಿದ್ದವರು. ಬಾನೆಟ್ ಎತ್ತಿದ ತಕ್ಷಣ ಮ್ಯಾನಿಫೋಲ್ಡ್ ಮೇಲೆ ಕೈಯಿಟ್ಟು ನೋಡಿದರು. “ನಮ್ಮ ಜೀಪಲ್ಲಿ ಇದು ಬೇರೆ ಇರ್ಲಿಲ್ಲ ಕಣೋ. ಗಾಳಿ ಹೋಗೋ ದಾರಿ ಹೆಡ್ಡಲ್ಲೇ ಎರಕ ಹೊಯ್ದಿರ್ತಿತ್ತು. ಕಾರ್ಬೊರೇಟರ್ ಸೀದಾ ಹೆಡ್ಡಿನ ಮೇಲೆ.” ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ. ಆ ಜೀಪಿನ ಹರಿಕೇನ್ ಎಂಜಿನ್ ಹಾಗೇ ಇತ್ತು, ನಿಜ.

ಶನಿವಾರ ಬೆಳಿಗ್ಗೆ ಬ್ಯಾಟರಿ ವೈರ್ ತೆಗೆದು ಕೂಲಂಟ್ ಇಳಿಸಿದೆವು. ಥರ್ಮೋಸ್ಟಾಟ್ ಕೂರುವುದೇ ಮ್ಯಾನಿಫೋಲ್ಡಿನ ಮುಂಭಾಗದಲ್ಲಿ, ಇಳಿಸದಿದ್ದರೆ ಎಲ್ಲ ಎಂಜಿನ್ ಆಯಿಲಿಗೆ ಸೇರುತ್ತದೆ. ಈ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಳಿಯುವುದೂ ಮ್ಯಾನಿಫೋಲ್ಡಿನ ಮೂಲಕವೇ. ಅದನ್ನು ತೆಗೆಯದೆ ಮ್ಯಾನಿಫೋಲ್ಡ್ ಮೇಲೆ ಬರುವುದಿಲ್ಲ. ಒಂದನೇ ಪಿಸ್ಟನ್ನನ್ನು ಕಂಪ್ರೆಶನ್‌ನಲ್ಲಿ ಮೇಲೆ ತಂದು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಬಿಳಿ ಬಣ್ಣದಲ್ಲಿ ಗುರುತು ಹಾಕಿದೆ. “ಇನ್ನೊಂದು ಗುರುತು ಹಾಕು” ಅಂದರು ಅಪ್ಪ. ಗೇರಿನ ಹಲ್ಲು ಓರೆಯಾಗಿರುವುದರಿಂದ ಎತ್ತುತ್ತಿದ್ದಂತೆ ರೋಟರ್ ಸ್ವಲ್ಪ ತಿರುಗುತ್ತದೆ. ವಾಪಸ್ ಕೂರಿಸುವಾಗ ಅಲ್ಲಿಂದಲೇ ಶುರು ಮಾಡಬೇಕು.

ಹನ್ನೆರಡು ಬೋಲ್ಟುಗಳಲ್ಲಿ ಎರಡು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರ ಪ್ರಸಾದ. ಎಣ್ಣೆ ಬಿಟ್ಟು ಕಾದು, ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಹಾಗೇ ಆಡಿಸುತ್ತಾ ಬಿಡಿಸಿದೆವು. ಕಬ್ಬಿಣದ ಹಳೇ ಮ್ಯಾನಿಫೋಲ್ಡನ್ನು ಎತ್ತಲು ನಾವಿಬ್ಬರೂ ಬೇಕಾಯಿತು. ತಿರುಗಿಸಿ ನೋಡಿದರೆ ತಳದಲ್ಲಿ ಸುಟ್ಟ ಆಯಿಲ್ ಕರ್ರಗೆ ಹಕ್ಕಳೆಗಟ್ಟಿತ್ತು. ಎಂಜಿನ್ ಬೇಗ ಕಾಯಲಿ ಅಂತ ಬಿಸಿ ಹೊಗೆಯನ್ನು ಕಾರ್ಬೊರೇಟರಿನ ಅಡಿಯಲ್ಲಿ ಹಾಯಿಸುವ ದಾರಿ ಅಲ್ಲೇ ಇದೆ.

ಆಮೇಲಿನ ಕೆಲಸಕ್ಕೇ ಅರ್ಧ ದಿನ ಹೋಯಿತು. ಹೆಡ್ ಮೇಲೆ ಅಂಟಿದ ಹಳೇ ಗ್ಯಾಸ್ಕೆಟ್, ಅಂದರೆ ಸೋರದಂತೆ ನಡುವೆ ಹಾಕುವ ಪದರ, ಕೆರೆಯುವುದು. ನೋಡುವವರಿಗೆ ಬೇಜಾರಿನ ಕೆಲಸ. ಆದರೆ ಇಡೀ ಕೆಲಸದ ಜೀವ ಇಲ್ಲೇ ಇದೆ ಅಂತ ನಾನು ನಂಬಿದ್ದೇನೆ. ಗಾಳಿ ಕಾರ್ಬೊರೇಟರಿನ ಬಾಯಿಂದ ಮಾತ್ರ ಒಳಗೆ ಬರಬೇಕು. ಉಗುರಿನಷ್ಟು ಜಾಗ ಒರಟಾಗಿ ಉಳಿದರೂ ಅಲ್ಲಿಂದ ಗಾಳಿ ನುಗ್ಗುತ್ತದೆ, ಎಷ್ಟೇ ಒಳ್ಳೆ ಕಾರ್ಬೊರೇಟರ್ ಹಾಕಿದರೂ ಎಂಜಿನ್ ನೆಮ್ಮದಿಯಾಗಿ ಓಡುವುದಿಲ್ಲ. ಎರಡು ಹೆಡ್‌ಗಳ ಮಧ್ಯದ ಕಣಿವೆಗೆ ಅಪ್ಪನ ಹಳೇ ಪಂಚೆ ತುರುಕಿ, ಚೂರುಗಳು ಆಯಿಲಿಗೆ ಬೀಳದ ಹಾಗೆ ನೋಡಿಕೊಂಡೆವು. ಅಪ್ಪ ಒರೆಸುವುದು, ಬೆರಳಾಡಿಸುವುದು, ಮತ್ತೆ ಒರೆಸುವುದು. “ಇಲ್ಲಿ ಇನ್ನೂ ತಡೀತಾ ಇದೆ ನೋಡು” ಅಂತ ನನ್ನ ಬೆರಳು ಹಿಡಿದು ಅಲ್ಲಿಡುತ್ತಿದ್ದರು.

ಮ್ಯಾನಿಫೋಲ್ಡಿನ ಹಿಂದೆ ಮುಂದೆ ಹಾಕಲು ಕೊಡುವ ಕಾರ್ಕ್ ಪಟ್ಟಿಗಳನ್ನು ನಾವು ಬಳಸಲಿಲ್ಲ. ಬಿಗಿ ಮಾಡುವಾಗ ಅವು ಜಾರಿ ಹೊರಗೆ ಬರುತ್ತವೆ. ಅದರ ಬದಲು ಸಿಲಿಕಾನ್ ಸೀಲಂಟನ್ನು ಕೋಡುಬಳೆ ಹೊಸೆದ ಹಾಗೆ ಕಾಲು ಇಂಚು ದಪ್ಪಕ್ಕೆ ಎಳೆದೆವು. ಇನ್ನು ಮ್ಯಾನಿಫೋಲ್ಡನ್ನು ಅಲುಗಾಡದೆ ನೇರ ಇಳಿಸಬೇಕು, ಇಲ್ಲವಾದರೆ ಸೀಲಂಟ್ ಒರೆಸಿಹೋಗುತ್ತದೆ. ಇದಕ್ಕೆ ಅಪ್ಪ ಎರಡು ಉದ್ದ ಬೋಲ್ಟು ತಗೊಂಡು ತಲೆ ಕತ್ತರಿಸಿ, ಎದುರುಬದುರು ಮೂಲೆಗಳಿಗೆ ಕೈಯಲ್ಲೇ ತಿರುಗಿಸಿ ನಿಲ್ಲಿಸಿದರು. ಮ್ಯಾನಿಫೋಲ್ಡ್ ಅವುಗಳ ಮೇಲೆ ಜಾರಿ ಸರಿಯಾದ ಜಾಗಕ್ಕೇ ಬಂದು ಕೂತಿತು. ಎಷ್ಟು ಚಂದದ ಉಪಾಯ ಅಲ್ವಾ! ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದು ಈ ಕಡೆ ಒಂದು ಆ ಕಡೆ, ಹಂತ ಹಂತವಾಗಿ 25 ಫುಟ್-ಪೌಂಡ್‌ವರೆಗೆ ಬಿಗಿ ಮಾಡಿದೆ. ಅಲ್ಯುಮಿನಿಯಂಗೆ ಜೋರು ಮಾಡಬಾರದು.

ಡಿಸ್ಟ್ರಿಬ್ಯೂಟರ್ ಮಾತ್ರ ಪೂರ್ತಿ ಕೂರಲಿಲ್ಲ, ಸ್ವಲ್ಪ ಮೇಲೇ ನಿಂತಿತು. ಅದರ ತುದಿ ಆಯಿಲ್ ಪಂಪಿನ ಶಾಫ್ಟಿಗೂ ಸಿಕ್ಕಿಕೊಳ್ಳಬೇಕು. ಹೊರಗೆ ತೆಗೆದು, ಉದ್ದ ಸ್ಕ್ರೂ ಡ್ರೈವರ್ ಇಳಿಸಿ, ಟಾರ್ಚ್ ಬೆಳಕಲ್ಲಿ ಆ ಶಾಫ್ಟನ್ನು ಒಂಚೂರು ತಿರುಗಿಸಿದೆ. ಮತ್ತೆ ಇಳಿಸಿದಾಗ ಟಕ್ ಅಂತ ಕೂತು ರೋಟರ್ ಮೊದಲ ಗುರುತಿಗೆ ಬಂತು.

ಹೊಸ ಕಾರ್ಬೊರೇಟರಿನ ಚೋಕ್, ಅಂದರೆ ತಣ್ಣಗಿರುವಾಗ ಗಾಳಿ ತಡೆಯುವ ಬಾಗಿಲು, ಕರೆಂಟಿನದು. ಅದಕ್ಕೆ ಕೀ ತಿರುಗಿಸಿದಾಗ ಪೂರ್ತಿ 12 ವೋಲ್ಟ್ ಬರುವ ವೈರ್ ಬೇಕು. ಹತ್ತಿರದಲ್ಲೇ ಇದೆ ಅಂತ ಇಗ್ನಿಶನ್ ಕಾಯಿಲ್‌ನಿಂದ ತೆಗೆಯಬಾರದು. ಈ ಹಳೇ ಗಾಡಿಗಳಲ್ಲಿ ಕಾಯಿಲ್‌ಗೆ ಬರುವ ವೈರಿನಲ್ಲೇ ವೋಲ್ಟೇಜ್ ಇಳಿಸಿರುತ್ತಾರೆ. ಚೋಕ್ ಅಲ್ಲಿಂದ ಎಳೆದುಕೊಂಡರೆ ಕಿಡಿ ಇನ್ನೂ ಮಂಕಾಗುತ್ತದೆ. ಫ್ಯೂಸ್ ಬಾಕ್ಸಿನಿಂದ ಬೇರೆ ವೈರ್ ಎಳೆದೆ.

ಸೀಲಂಟ್ ರಾತ್ರಿಯೆಲ್ಲ ಒಣಗಲಿ ಅಂತ ಬಿಟ್ಟು, ಭಾನುವಾರ ಕೂಲಂಟ್ ತುಂಬಿ, ಆಯಿಲ್ ಬದಲಿಸಿ, ಅಪ್ಪನ ಕೈಗೆ ಕೀ ಕೊಟ್ಟೆ. ಪೆಟ್ರೋಲ್ ಮೇಲೆ ಬರುವವರೆಗೆ ಸ್ವಲ್ಪ ತಿರುಗಿ, ಆಮೇಲೆ ಹೊತ್ತಿಕೊಂಡಿತು. ಬಿಸಿಯಾದ ಮೇಲೆ ಕಿಡಿಯ ಟೈಮಿಂಗ್ ನೋಡಿ, ಮ್ಯಾನಿಫೋಲ್ಡಿನ ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ, ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮುಂದಿನ ಎರಡು ಮಿಕ್ಸ್ಚರ್ ಸ್ಕ್ರೂಗಳನ್ನು ಒಂದಾದ ಮೇಲೊಂದು ತಿರುಗಿಸಿದೆ. ಮೊದಲು 14 ಇಂಚಿನ ಹತ್ತಿರ ನಡುಗುತ್ತಿದ್ದ ಮುಳ್ಳು ಈಗ 19ರಲ್ಲಿ ಕದಲದೆ ನಿಂತಿತು. ಮ್ಯಾನಿಫೋಲ್ಡಿನ ಅಂಚಿಗೆಲ್ಲ ಸ್ಪ್ರೇ ಹೊಡೆದೆ. ಐಡಲ್ ಒಂಚೂರೂ ಬದಲಾಗಲಿಲ್ಲ. ಅಪ್ಪ ಎಂಜಿನ್ ಶಬ್ದ ಕೇಳುತ್ತಾ ತುಂಬಾ ಹೊತ್ತು ಅಲ್ಲೇ ನಿಂತಿದ್ದರು.

ಎಂಜಿನ್ ಪೂರ್ತಿ ಆರಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿದೆ. ಮುಂದಿನ ಮೂಲೆಯದು ಸ್ವಲ್ಪ ಬಿಗಿ ತಗೊಂಡಿತು. ಹಳೇ ಕ್ವಾಡ್ರಾಜೆಟ್ ಎಸೆಯಲು ಅಪ್ಪ ಬಿಡಲಿಲ್ಲ. ಅದರ ಮುಂದಿನ ಎರಡು ಬಾಯಿ ಸಣ್ಣವು, ಹಿಂದಿನವು ದೊಡ್ಡವು. ನಿಧಾನಕ್ಕೆ ಹೋಗುವಾಗ ಸಣ್ಣವು ಸಾಕು, ಏರು ಬಂದಾಗ ದೊಡ್ಡವು ತೆರೆಯುತ್ತವೆ. “ಇಷ್ಟು ಬುದ್ಧಿವಂತ ಕಾರ್ಬೊರೇಟರನ್ನ ಯಾರಾದ್ರೂ ಬಿಸಾಕ್ತಾರಾ ಮಾರಾಯ?” ನನಗೂ ಹಾಗೇ ಅನಿಸಿತು. ಗ್ಯಾಸ್ಕೆಟ್ ಕಿಟ್ ಮತ್ತು ತಳದ ಪ್ಲಗ್ ಮುಚ್ಚಲು ಎಪಾಕ್ಸಿ ತರಿಸಿದ್ದೇನೆ. ಅಪ್ಪ ಊರಿಗೆ ಹೊರಡುವುದರೊಳಗೆ ಅದನ್ನೂ ಬಿಚ್ಚಿ ಕೂರಬೇಕು.