ಇಷ್ಟು ಕಿಲೋಮೀಟರಿಗೆ ವಿಮಾನದಲ್ಲಿ ಎಷ್ಟು ಗಂಟೆ?

ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಬರುವ ಗಂಟೆಗೂ ಟಿಕೆಟಿನಲ್ಲಿರುವ ಗಂಟೆಗೂ ಯಾಕೆ ತಾಳೆಯಾಗುವುದಿಲ್ಲ? ಪದೇ ಪದೇ ಬರುವ ಪ್ರಶ್ನೆ ಇದು.

ಮೊದಲು ದೂರದ ಮಾತು. ಎರಡು ಊರುಗಳ ದೂರ ಲೆಕ್ಕ ಹಾಕಿಕೊಡುವ ಜಾಲತಾಣಗಳು ಕೊಡುವುದು ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ. ಚಪ್ಪಟೆ ಭೂಪಟದಲ್ಲಿ ಅದು ಬಾಗಿ ಕಾಣುತ್ತದೆ. ಟೋಕಿಯೊದಿಂದ ನ್ಯೂಯಾರ್ಕಿಗೆ ಅಡಿಕೋಲಿಟ್ಟು ಗೆರೆ ಎಳೆದರೆ ಪೆಸಿಫಿಕ್ ಸಾಗರದ ನಡುವೆ ಹಾಯುತ್ತದೆ, ನಿಜವಾದ ಹತ್ತಿರದ ದಾರಿ ಇರುವುದು ಅಲಾಸ್ಕಾದ ಕಡೆಯಿಂದ. ಅಂಕಿಯ ಪಕ್ಕದ ಮಾನವನ್ನೂ ನೋಡಿ. ಸಾಮಾನ್ಯ ಮೈಲಿ 1.609 ಕಿ.ಮೀ., ಹಡಗು, ವಿಮಾನಗಳವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಒಂದನ್ನು ಇನ್ನೊಂದೆಂದುಕೊಂಡರೆ ಲೆಕ್ಕ ಸುಮಾರು 15% ತಪ್ಪುತ್ತದೆ.

ಅಂದಾಜಿಗೆ ಹೀಗೆ ಮಾಡಿ: ಕಿಲೋಮೀಟರನ್ನು 850ರಿಂದ ಭಾಗಿಸಿ, 45 ನಿಮಿಷ ಸೇರಿಸಿ. ಆ 45 ನಿಮಿಷ ರನ್‌ವೇವರೆಗೆ ಉರುಳುವುದಕ್ಕೆ, ಮೇಲೇರಲು, ಇಳಿಯಲು, ಮತ್ತೆ ಗೇಟಿಗೆ ಬರಲು. ವೇಳಾಪಟ್ಟಿಯ ಸಮಯ ಗೇಟಿನಿಂದ ಗೇಟಿಗೆ. ಗಾಳಿಯಲ್ಲಿದ್ದಷ್ಟು ಹೊತ್ತು ಮಾತ್ರವಲ್ಲ. ಸಿಂಗಪುರ–ನ್ಯೂಯಾರ್ಕ್ ಸುಮಾರು 15,300 ಕಿ.ಮೀ., ಅಂದರೆ 18 ಗಂಟೆ 45 ನಿಮಿಷ. ನೇರ ವಿಮಾನದ ವೇಳಾಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತದೆ.

ಆದರೂ ಇದು ಸರಾಸರಿ. ಕೆಡಿಸುವುದು ಗಾಳಿ. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. ಹೀಗಾಗಿ 5,540 ಕಿ.ಮೀ. ದೂರದ ಲಂಡನ್–ನ್ಯೂಯಾರ್ಕ್‌ಗೆ ಹೋಗುವಾಗ ಸುಮಾರು 8 ಗಂಟೆ, ಬರುವಾಗ 7. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೊಳಗೆ ಬಂದಿಳಿಯಿತು. ಅನುಕೂಲದ ಗಾಳಿ ಸಿಗುತ್ತದೆಂದರೆ ಹತ್ತಿರದ ದಾರಿ ಬಿಟ್ಟು ಕೆಲವು ನೂರು ಕಿ.ಮೀ. ಸುತ್ತುವುದೂ ಉಂಟು, ಸಮಯ ಇಂಧನ ಎರಡೂ ಉಳಿಯುತ್ತವೆ.

ಕೆಲವೊಮ್ಮೆ ದಾರಿಯೇ ಮುಚ್ಚಿರುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ತಪ್ಪಿಸಬೇಕಾಗಿ ಬಂದ ಮೇಲೆ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತೂವರೆ ಗಂಟೆಯಿಂದ 13ರ ಆಸುಪಾಸಿಗೆ ಏರಿತು. ಲೆಕ್ಕದ ತಾಣದಲ್ಲಿ ದೂರ ಮಾತ್ರ ಹಾಗೇ ಇದೆ!

ಇನ್ನು ಗಡಿಯಾರ. ಟಿಕೆಟಿನಲ್ಲಿರುವುದು ಆಯಾ ಊರಿನ ಸಮಯ. ಟೋಕಿಯೊದಲ್ಲಿ ಸಂಜೆ 5ಕ್ಕೆ ಹೊರಟ ವಿಮಾನ ಲಾಸ್ ಏಂಜಲೀಸಿಗೆ ಅದೇ ತಾರೀಕಿನ ಬೆಳಗ್ಗೆ ತಲುಪುತ್ತದೆ. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಬದಲಿಸಿ ಕಳೆದರೆ ಗೊಂದಲವಿಲ್ಲ. ಆದರೆ ಮಾರ್ಚ್‌ನಲ್ಲಿ ಎಚ್ಚರ: ಅಮೆರಿಕದಲ್ಲಿ ಎರಡನೇ ಭಾನುವಾರವೇ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಲಂಡನ್–ನ್ಯೂಯಾರ್ಕ್ ಅಂತರ 5 ಗಂಟೆಯಲ್ಲ, 4.