"ಅಷ್ಟು ದುಡ್ಡು ನಾವೆಲ್ಲಿಂದ ತರೋಣ?"

ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಮಗಳು ಚೆನ್ನಾಗಿ ಓದ್ತಾಳೆ. ಪಿಯುಸಿ ಮುಗಿಸಿ ಅಮೆರಿಕಕ್ಕೆ ಹೋಗ್ಬೇಕಂತೆ. ಅಷ್ಟು ದುಡ್ಡು ನಾವೆಲ್ಲಿಂದ ತರೋಣ?"

ಕಾಲೇಜಿನವರು ಬರೆದಿರುವ ಫೀಸು ನೋಡಿ ಹೆದರಿಬಿಡಬೇಡಿ. ಎಲ್ಲರೂ ಅಷ್ಟನ್ನೂ ಕಟ್ಟುವುದಿಲ್ಲ.

ಹಾರ್ವರ್ಡ್ ತೆಗೆದುಕೊಳ್ಳಿ. 2025-26ರಲ್ಲಿ ಫೀಸು, ಊಟ, ವಸತಿ ಸೇರಿ ಬಿಲ್ಲು 86,926 ಡಾಲರ್. ಅಂದರೆ ವರ್ಷಕ್ಕೆ 70 ಲಕ್ಷ ರೂಪಾಯಿಗೂ ಜಾಸ್ತಿ. ಆದರೆ ಅದೇ ವರ್ಷದಿಂದ, ಮನೆಯ ವರಮಾನ 1 ಲಕ್ಷ ಡಾಲರ್ ಒಳಗಿದ್ದು ಭಾರಿ ಆಸ್ತಿ ಇಲ್ಲದಿದ್ದರೆ ಅಪ್ಪ ಅಮ್ಮ ಏನೂ ಕೊಡಬೇಕಿಲ್ಲ. ಈ ನೆರವು ನಮ್ಮ ಮಕ್ಕಳಿಗೂ ಇದೆ. ನಮ್ಮ ಕಡೆಯ ಹೈಸ್ಕೂಲ್ ಮೇಷ್ಟ್ರ ಸಂಬಳ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಅಲ್ವಾ? ಸೀಟು ಸಿಗುವುದು ಮಾತ್ರ ನೂರಕ್ಕೆ ಸುಮಾರು ನಾಲ್ಕು ಮಂದಿಗೆ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಸೀಟು ಕೊಡುವಾಗ ವಿದೇಶಿ ಮಕ್ಕಳ ಮನೆಯ ದುಡ್ಡು ಎಷ್ಟಿದೆ ಅಂತ ನೋಡುವುದಿಲ್ಲ. ಉಳಿದ ಬಹಳಷ್ಟು ಕಡೆ ನೋಡುತ್ತಾರೆ. ನೆರವು ಕೇಳಿದರೆ ಸೀಟು ಸಿಗುವುದು ಇನ್ನೂ ಕಷ್ಟ. ಸರ್ಕಾರಿ ಯೂನಿವರ್ಸಿಟಿ ಅಗ್ಗ ಅಂದುಕೊಳ್ಳುತ್ತೇವೆ. ಆ ಕಡಿಮೆ ಫೀಸು ಆ ರಾಜ್ಯದವರಿಗೆ. ಹೊರದೇಶದವರಿಗೆ ಫೀಸು ಹೆಚ್ಚು, ನೆರವು ಕಡಿಮೆ.

"ಮೊದಲು ಸೀಟು ಸಿಗಲಿ, ದುಡ್ಡಿನ ವಿಷಯ ಆಮೇಲೆ" ಅಂತ ದಯವಿಟ್ಟು ಅನ್ನಬೇಡಿ. ಅರ್ಜಿಯ ಜೊತೆಯೇ ನೆರವು ಕೇಳದಿದ್ದರೆ, ಎಷ್ಟೋ ಕಾಲೇಜುಗಳು ವಿದೇಶಿ ಮಕ್ಕಳಿಗೆ ಮುಂದಿನ ನಾಲ್ಕು ವರ್ಷವೂ ಕೊಡುವುದಿಲ್ಲ.

ನಮ್ಮ ನೆಂಟರ ಹುಡುಗನಿಗೆ ಒಂದು ಕಾಲೇಜಿನಿಂದ 25,000 ಡಾಲರ್ ಸ್ಕಾಲರ್‌ಶಿಪ್ ಪತ್ರ ಬಂತು. ಮನೆಯವರೆಲ್ಲ ಸಿಹಿ ಹಂಚಿದರು. ನಾನು ಪತ್ರ ತಿರುಗಿಸಿ ನೋಡಿದೆ. ವರ್ಷದ ಒಟ್ಟು ಖರ್ಚು 70,000. ಉಳಿದ 45,000ವನ್ನು ನಾಲ್ಕರಿಂದ ಗುಣಿಸಿ ಹೇಳಿದಾಗ ಅವರಮ್ಮ ಸುಮ್ನೆ ಕೂತುಬಿಟ್ಟರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ಎಷ್ಟು ಕೊಟ್ಟರು ಅನ್ನುವುದಕ್ಕಿಂತ ಎಷ್ಟು ಉಳಿಯಿತು ನೋಡಿ. ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ದುಡ್ಡನ್ನೂ, ಸಾಲವನ್ನೂ ಕೆಲವು ಪತ್ರಗಳಲ್ಲಿ ನೆರವು ಅಂತಲೇ ಸೇರಿಸಿರುತ್ತಾರೆ.

ಇದೆಲ್ಲ ಡಿಗ್ರಿಗೆ. ಎಂಎಸ್‌ಗೆ ಹೋಗುವವರ ಲೆಕ್ಕವೇ ಬೇರೆ, ಅಲ್ಲಿ ಬಹುತೇಕರದ್ದು ಸಾಲವೇ.

ಮಗಳು ಈಗ ಮೊದಲ ಪಿಯುಸಿಯಲ್ಲಿದ್ದರೆ ಕಾಗದಪತ್ರ ಜೋಡಿಸಲು ಶುರು ಮಾಡಿ. ಹಲವು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಅರ್ಜಿ ಕೇಳುತ್ತವೆ. ಅದರಲ್ಲಿ ಸಂಬಳ, ಉಳಿತಾಯ, ಮನೆ, ಜಮೀನು ಎಲ್ಲ ಬರೆಯಬೇಕು. ಫಾರಂ 16 ಮತ್ತು ಪಹಣಿ ಒಂದೇ ಫೈಲಿನಲ್ಲಿಡಿ.