ಹಗಲು ಮಲಗುವವಳು ಮನೆ ಹುಡುಕಿದರೆ

ನನ್ನದು ಆಸ್ಪತ್ರೆಯ ಲ್ಯಾಬಿನಲ್ಲಿ ನೈಟ್ ಡ್ಯೂಟಿ. ಊರೆಲ್ಲ ಎದ್ದು ಗಲಾಟೆ ಶುರು ಮಾಡುವ ಹೊತ್ತಿಗೆ ನನಗೆ ನಿದ್ದೆ. ಹಾಗಾಗಿ ಬೇರೆ ಮನೆ ನೋಡಲು ಹೊರಟಾಗ ನಾನು ಮೊದಲು ಕೇಳಿದ್ದು ಬಾಡಿಗೆ ಎಷ್ಟು ಅಂತಲ್ಲ, ಸದ್ದು ಎಷ್ಟು ಅಂತ.

"ಸೂಜಿ ಬಿದ್ದರೂ ಕೇಳಿಸುತ್ತೆ ಮೇಡಂ" ಅನ್ನುವುದು ಬ್ರೋಕರ್‌ಗಳ ಬಾಯಿಪಾಠ. ಅವರು ಮನೆ ತೋರಿಸುವುದು ಮಾತ್ರ ಭಾನುವಾರ ಮಧ್ಯಾಹ್ನ. ಆ ಹೊತ್ತಲ್ಲಿ ಯಾವ ಬೀದಿ ತಾನೇ ಗದ್ದಲ ಮಾಡುತ್ತೆ? ನಾನು ಕೆಲಸದ ದಿನ, ಬೆಳಗ್ಗೆ ಹತ್ತು ಗಂಟೆ ದಾಟಿದ ಮೇಲೆ ಹೋಗುತ್ತೇನೆ. ನನ್ನ ನಿದ್ದೆಯ ಹೊತ್ತು ಅದು. ರಾತ್ರಿ ಮಲಗುವವರು ರಾತ್ರಿ ಹನ್ನೊಂದಕ್ಕೆ ಹೋಗಿ ನಿಲ್ಲಬೇಕು. ಪ್ರಶಾಂತ ಬಡಾವಣೆ ಅಂತ ಸುಮ್ನೆ ಹೇಳಿದರೆ ಏನೂ ಹೇಳಿದಂತಾಗಲ್ಲ. ಯಾವ ಹೊತ್ತಿಗೆ ಪ್ರಶಾಂತ ಅನ್ನುವುದೇ ಮುಖ್ಯ.

ಮನೆ ನೋಡುವ ಮೊದಲು ಮ್ಯಾಪ್ ತೆಗೆದು ಕೂರುತ್ತೇನೆ. ನನ್ನ ಪ್ರಶ್ನೆ ಒಂದೇ: ಈ ಬೀದಿಯಲ್ಲಿ ಮನೆ ಇಲ್ಲದವರು ಇಲ್ಲಿಗೆ ಯಾಕೆ ಬರಬೇಕು? ಎರಡು ದೊಡ್ಡ ರಸ್ತೆಗಳ ನಡುವೆ ಒಳದಾರಿ ಆಗುವ ಬೀದಿ ಎಷ್ಟೇ ಚೆಂದ ಇರಲಿ, ಬಿಟ್ಟುಬಿಡುತ್ತೇನೆ. ಇವತ್ತು ಅದು ಖಾಲಿ ಇರಬಹುದು. ಮುಖ್ಯ ರಸ್ತೆಯಲ್ಲಿ ಜಾಮ್ ಆದ ದಿನ ಫೋನಿನ ಮ್ಯಾಪ್ ಎಲ್ಲರನ್ನೂ ಆ ಕಡೆಗೇ ತಿರುಗಿಸುತ್ತದೆ. ಮುಂದೆ ದಾರಿ ಇಲ್ಲದ ಡೆಡ್ ಎಂಡ್ ಬೀದಿ, ಹೊಕ್ಕ ಕಡೆಯಿಂದಲೇ ಹೊರಗೆ ಬರಬೇಕಾದ ಬಳಸು ರಸ್ತೆ, ಇವು ನನಗೆ ಇಷ್ಟ. ಕೆಲವರು ಡೆಡ್ ಎಂಡ್ ಅಂದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ನನಗೇ ಒಳ್ಳೇದು.

ಇದು ನಾನು ಕಂಡುಹಿಡಿದಿದ್ದೇನಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ರಾಡ್‌ಬರ್ನ್ ಅನ್ನುವ ಬಡಾವಣೆ ಶುರುವಾದಾಗ ಇದೇ ಲೆಕ್ಕಾಚಾರ ಇತ್ತು. ಹಾದುಹೋಗುವ ಗಾಡಿಗಳು ಸುತ್ತಲಿನ ರಸ್ತೆಯಲ್ಲೇ ಹೋಗಲಿ, ಮನೆಗಳು ಡೆಡ್ ಎಂಡ್ ಬೀದಿಗಳಲ್ಲಿರಲಿ ಅಂತ. ಡೊನಾಲ್ಡ್ ಆ್ಯಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸದ ಪ್ರಾಧ್ಯಾಪಕರು 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಥರದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ಗಾಡಿ ಜಾಸ್ತಿ ಇದ್ದ ಕಡೆ ಒಬ್ಬರೂ ಪೂರ್ತಿ ಇರಲಿಲ್ಲ, 0.9! ಬರೀ ಕಿವಿಯ ವಿಷಯ ಅಲ್ಲ ಇದು ಅಂತ ನನಗೆ ಅನ್ನಿಸಿದ್ದು ಆ ಅಂಕಿ ನೋಡಿದಾಗ.

"ಮೇನ್ ರೋಡಿಂದ ದೂರ ಇದೆ" ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಒಂದೇ ಸಮನೆ ಗಾಡಿ ಓಡುವ ರಸ್ತೆಯಿಂದ ಎರಡರಷ್ಟು ದೂರ ಹೋದರೂ ಬಯಲಲ್ಲಿ ಇಳಿಯುವುದು ಸುಮಾರು 3 ಡೆಸಿಬಲ್ (ಸದ್ದು ಅಳೆಯುವ ಮಾನ) ಅಷ್ಟೇ. ನಮ್ಮ ಕಿವಿಗೆ ಸದ್ದು ಅರ್ಧ ಆಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು. ದೂರಕ್ಕಿಂತ ಅಡ್ಡ ನಿಂತ ಕಟ್ಟಡ ವಾಸಿ. ನಡುವೆ ಸಂದು ಬಿಡದೆ ಮನೆಗಳ ಸಾಲು ಇದ್ದರೆ ಹಿಂದಿನ ಬೀದಿ ಬೇರೆ ಊರಿನ ಥರ ಇರುತ್ತದೆ. ಮರಗಳ ಮೇಲೆ ನನಗೂ ಬಹಳ ಆಸೆ, ಆದರೆ ಒಂದು ಸಾಲು ಮರ ನೆರಳು ಕೊಡುತ್ತೆ, ಸದ್ದು ತಡೆಯಲ್ಲ. ಸುಮಾರು 30 ಮೀಟರ್ ಅಗಲಕ್ಕೆ ಗಿಡಗಂಟಿ ಒತ್ತಾಗಿ ಬೆಳೆದರೆ 5 ಡೆಸಿಬಲ್‌ನಷ್ಟು ಇಳಿಯಬಹುದು.

ರಸ್ತೆಯಲ್ಲಿ ಹಂಪ್ ಇದೆಯಾ, ಎಲ್ಲಿದೆ ಅಂತಲೂ ನೋಡುತ್ತೇನೆ. ಗಾಡಿ ನಿಧಾನ ಆಗುವುದು ಒಳ್ಳೇದೇ. ಮಲಗುವ ಕೋಣೆಯ ಕಿಟಕಿ ಎದುರಿಗೇ ಹಂಪ್ ಇದ್ದರೆ ಮಾತ್ರ ಬೇಡ. ಪ್ರತಿ ಗಾಡಿಯೂ ಅಲ್ಲಿ ಬ್ರೇಕ್ ಹಾಕಿ, ದಡಕ್ಕನೆ ಇಳಿದು, ಮತ್ತೆ ಗುರ್ ಅಂತ ಹೊರಡುತ್ತದೆ. ಖಾಲಿ ಟೆಂಪೋ ಆದರೆ ಹಿಂದಿನ ಬಾಗಿಲ ಚಿಲಕದ ಸದ್ದು ಬೇರೆ.

ಊರಿನ ಅಂಚಿಗೆ ಹೋದರೆ ಶಾಂತಿ ಸಿಗುತ್ತೆ ಅಂತ ನಮ್ಮ ಮನೆಯವರು ಪಟ್ಟು ಹಿಡಿದಿದ್ದರು. ನನಗೆ ಅಲ್ಲೇ ಅನುಮಾನ ಜಾಸ್ತಿ. ಬೆಳೆಯುವ ಊರಿನ ಅಂಚಲ್ಲಿ ಖಾಲಿ ಸೈಟ್ ಅಂದರೆ ಇನ್ನೂ ಶುರುವಾಗದ ಕೆಲಸ. ಆಮೇಲೆ ಅಡಿಪಾಯ, ಕಾಂಕ್ರೀಟ್ ಮಿಕ್ಸರ್, ಕೊನೆಗೆ ಟೈಲ್ಸ್ ಕತ್ತರಿಸುವ ಮಷಿನ್. ಆ ಕಿರ್ರನೆ ಸದ್ದಿಗೆ ಯಾವ ಕಿಟಕಿಯೂ ಸಾಲದು, ಅದೂ ಹಗಲಲ್ಲೇ. ಅಂಥ ಕಡೆ ಸುತ್ತಲಿನ ಖಾಲಿ ಸೈಟ್ ಎಷ್ಟು ಅಂತ ಎಣಿಸಬೇಕು. ಊರಿನ ಮಾಸ್ಟರ್ ಪ್ಲಾನ್ ತೆಗೆದು ನೋಡಬೇಕು, ಮುಂದೆ ಅಗಲವಾಗುವ ರಸ್ತೆ ಯಾವುದು ಅಂತ. ಬೀದಿ ಕೊನೆಗೆ ಕಾಣುವ ಹೊಲ ಮ್ಯಾಪಿನಲ್ಲಿ ಹೊಲವಾಗಿಯೇ ಉಳಿದಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ನನ್ನ ಪ್ರಕಾರ ಕಟ್ಟೋದೆಲ್ಲ ಮುಗಿದು, ಮಕ್ಕಳೂ ದೊಡ್ಡವರಾದ ಹಳೇ ಬಡಾವಣೆಯೇ ಮೇಲು.

ರಾತ್ರಿ ಮಲಗುವವರಿಗೆ ಒಂದು ಮಾತು. ಹಗಲು ಕೇಳದ ಹೈವೇ, ರೈಲು ರಾತ್ರಿ ಪಕ್ಕದಲ್ಲೇ ಇದ್ದಂತೆ ಕೇಳಬಹುದು. ಉಳಿದ ಸದ್ದು ಅಡಗಿದ್ದು ಒಂದು ಕಾರಣ. ಇನ್ನೊಂದು, ಮೋಡವಿಲ್ಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೆ ಉಳಿಯುತ್ತೆ, ಆಗ ಸದ್ದು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗುತ್ತೆ. ವಿಮಾನದ್ದು ಬೇರೆ ಕತೆ. ಗಾಳಿಗೆ ಎದುರಾಗಿ ಏರುವುದು, ಇಳಿಯುವುದು ಅವುಗಳ ರೂಢಿ. ಗಾಳಿ ದಿಕ್ಕು ಬದಲಾದರೆ ದಾರಿಯೂ ಬದಲು. ಮನೆ ನೋಡಿದ ತಿಂಗಳಲ್ಲಿ ವಿಮಾನವೇ ಕಾಣಲಿಲ್ಲ ಅಂತ ಅಡ್ವಾನ್ಸ್ ಕೊಡಬೇಡಿ. ಅಲ್ಲಿ ಒಂದು ವರ್ಷ ಕಳೆದವರನ್ನು ಕೇಳಿ.

ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಬರುತ್ತವೆ. ಅದರ ಅಂಕಿ ಪಕ್ಕಾ ಅಲ್ಲ, ಎರಡು ಮನೆ ಹೋಲಿಸಲು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ ಕೊಟ್ಟ ಸಲಹೆ, ರಾತ್ರಿ ಮನೆ ಹೊರಗೆ ವಾಹನಗಳ ಸದ್ದು ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಲಿ ಅಂತ. ಹಗಲು ಮಲಗುವವರಿಗೆ ಪ್ರತ್ಯೇಕ ಅಂಕಿ ಕೊಟ್ಟಿಲ್ಲ, ನಮ್ಮನ್ನು ಯಾರು ಕೇಳ್ತಾರೆ ಅಲ್ವಾ?

ನಾವು ಕೊನೆಗೆ ಒಪ್ಪಿದ್ದು ಬಳಸು ರಸ್ತೆಯ ಒಂದು ಹಳೇ ಮನೆ. ಮಾಲೀಕರು ಬೀದಿ ಕಡೆಯ ದೊಡ್ಡ ಕೋಣೆ ತೋರಿಸಿ, ಮಲಗಲು ಇದು ಚೆನ್ನಾಗಿದೆ, ಗಾಳಿ ಬೆಳಕು ಜಾಸ್ತಿ ಅಂದರು. ನಾನು ಹಿಂದುಗಡೆಯ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತೆ. ಪಕ್ಕದ ಮನೆಯ ಏಸಿಯ ಹೊರಗಿನ ಪೆಟ್ಟಿಗೆ ಆ ಕಡೆ ಗೋಡೆಗೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ದೊಡ್ಡ ಕೋಣೆಯಲ್ಲಿ ಈಗ ಟಿವಿ ಇದೆ. ನಾನು ಮಲಗಿದಾಗ ಅದರ ಸದ್ದು ಎಷ್ಟಿರಬೇಕು ಅನ್ನುವ ವಾದ ಮನೆಯವರ ಜೊತೆ ಇನ್ನೂ ಮುಗಿದಿಲ್ಲ.